ಮಿಸ್ ದೇವಿಯ ಮನೆಯಾಳು

ಹೈದರಾಬಾದಿನಲ್ಲಿ ಮಾಳಿಗೆಯ ಮೇಲೆ ಕಟ್ಟಿದ ಒಂಟಿ ಕೋಣೆಗೆ ಪೆಂಟ್‌ಹೌಸ್ ಎನ್ನುತ್ತಾರೆ. ಮೇಲೆ ಸಿಮೆಂಟ್ ಶೀಟು, ಬೇಸಿಗೆಯಲ್ಲಿ ಒಳಗೆ ಕೂತರೆ ನೆತ್ತಿ ಕಾದ ಹಂಚಾಗುತ್ತದೆ, ಆದರೂ ಹೆಸರು ಪೆಂಟ್‌ಹೌಸ್. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅಂಥದ್ದೊಂದರಲ್ಲಿ ಗುರುದೇವಿ ತನ್ನ ತಾಯಿ ಬಂಡೆಮ್ಮನ ಜೊತೆ ಬಾಡಿಗೆಗಿದ್ದಳು. ಕೆಲಸಕ್ಕೆ ಸೇರುವಾಗ ಕಂಪನಿಯವರು ಮನೆ ಎಂಥದ್ದು ಎಂದು ಕೇಳಿದ್ದಕ್ಕೆ ಪೆಂಟ್‌ಹೌಸ್ ಎಂದೇ ಹೇಳಿದ್ದಳು. ಸುಳ್ಳೇನಲ್ಲವಲ್ಲ. ಹೀಗೆ ಸುಳ್ಳಲ್ಲದ ಮಾತುಗಳನ್ನು ಆಡುವುದರಲ್ಲಿ ಗುರುದೇವಿ ಪಳಗಿದ್ದಳು. ತಂದೆ ದ್ಯಾವಪ್ಪ ನಾಚಾರಂನ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುತ್ತಿದ್ದ. ಅಲ್ಲೇ ಮಲಗಿ ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಯಾರಾದರೂ ವಿಚಾರಿಸಿದರೆ 'ನಮ್ಮಪ್ಪ ನಾಚಾರಂ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೆಕ್ಯುರಿಟಿ ನೋಡಿಕೊಳ್ಳುತ್ತಾರೆ' ಎನ್ನುತ್ತಿದ್ದಳು. ತಾಯಿಯ ಬಗ್ಗೆ ಯಾರೂ ವಿಚಾರಿಸಿರಲಿಲ್ಲ, ಪುಣ್ಯಕ್ಕೆ.

ಅದು ಊರಿಗೆ ಊರೇ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡಿದ್ದ ಕಾಲ. ಲಿಂಗಂಪಲ್ಲಿಯ ಆಚೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಬಂಡೆಮ್ಮ ಅಂಥ ಎಷ್ಟೋ ಕಟ್ಟಡಗಳಿಗೆ ಕಾಂಕ್ರೀಟು ಹೊತ್ತವಳು. ಹೊತ್ತು ಹೊತ್ತು ಮೊಣಕಾಲು ಸವೆದು, ಬುಟ್ಟಿ ತಲೆಗೇರಿಸಿದರೆ ಕಾಲು ನಡುಗುವ ಹೊತ್ತಿಗೆ ಸರಿಯಾಗಿ ಮಗಳಿಗೆ ಈ ಕೆಲಸ ಸಿಕ್ಕಿತು. ಕಂಪನಿಯ ಮೊದಲ ಪಗಾರ ಬಂದ ದಿನವೇ ಗುರುದೇವಿ ತಾಯಿಯನ್ನು ಕೂಲಿ ಬಿಡಿಸಿದಳು. ಈ ಒಂದು ವಿಷಯದಲ್ಲಿ ಅವಳನ್ನು ಮೆಚ್ಚಬೇಕು. ಆದರೆ ಸುಮ್ಮನೆ ಕೂರುವ ಜೀವವಲ್ಲ ಬಂಡೆಮ್ಮನದು. ಸ್ಟೇಷನ್ನಿನ ಹತ್ತಿರ ಉಮಾಬಾಯಿ ಎಂಬ ಬಾಗಲಕೋಟೆಯ ಹೆಂಗಸು ಮೆಸ್ ನಡೆಸುತ್ತಿದ್ದಳು. ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗರು ಜೋಳದ ರೊಟ್ಟಿಗಾಗಿ ಅಲ್ಲಿಗೆ ಮುಗಿಬೀಳುತ್ತಿದ್ದರು. ಆ ರೊಟ್ಟಿಗಳನ್ನು ಬಂಡೆಮ್ಮ ಕೋಣೆಯ ಹೊರಗೆ, ಕಿಟಕಿಗೆ ಹೊಂದಿಕೊಂಡ ತಗಡಿನ ಚಪ್ಪರದಲ್ಲಿ ದಿನವೂ ನಸುಕಿನಲ್ಲಿ ಬಡಿಯುತ್ತಿದ್ದಳು.

ನಸುಕಿನಲ್ಲೇ ಗುರುದೇವಿಯ ಕೆಲಸವೂ. ತನ್ನ ಕೋಣೆಯಲ್ಲೇ ಕೂತು ಅಮೆರಿಕದ ಶಾಲೆಯ ಮಕ್ಕಳಿಗೆ ಇಂಟರ್‌ನೆಟ್ಟಿನಲ್ಲಿ ಮನೆಪಾಠ ಹೇಳುವುದು. ಅಲ್ಲಿ ಸಂಜೆಯ ಊಟ ಮುಗಿಸಿ ಮಕ್ಕಳು ಪುಸ್ತಕ ಬಿಚ್ಚಿದರೆ ಇಲ್ಲಿ ಕೋಳಿ ಕೂಗುವ ಹೊತ್ತು. ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಂಪನಿ ಕೊಟ್ಟ ಕರಿ ಪಾಟಿಯ ಮೇಲೆ ಬರೆದರೆ ಅಕ್ಷರಗಳು ಅಮೆರಿಕದ ಪರದೆಯ ಮೇಲೆ ಮೂಡುತ್ತಿದ್ದವು. ಬಿಎಸ್ಸಿ ಓದಿದ್ದ ಗುರುದೇವಿಗೆ ವಿಜ್ಞಾನ ಕೊಟ್ಟರು, ಕೈಗೆ ಸಿಕ್ಕಳೆಂದು ಇತಿಹಾಸವನ್ನೂ ಅಂಟಿಸಿದರು.

ಕಂಪನಿಯಲ್ಲಿ ಒಂದೊಂದು ತಪ್ಪಿಗೆ ಒಂದೊಂದು ಶಿಕ್ಷೆಯಿತ್ತು. ಪಾಠಕ್ಕೆ ತಡವಾದರೆ ಪಗಾರದಲ್ಲಿ ಕಡಿತ, ಉಚ್ಚಾರ ಕೆಟ್ಟರೆ ಮತ್ತೆ ತರಬೇತಿ. ಆದರೆ ಮಗುವಿಗೆ ಸುಳ್ಳು ಹೇಳಿದ್ದು ಗೊತ್ತಾದರೆ ವಿಚಾರಣೆಯಿಲ್ಲ, ಅದೇ ದಿನ ಮನೆಗೆ. ಪಾಠಗಳ ಗುಣಮಟ್ಟ ನೋಡಿಕೊಳ್ಳುವ ಅಧಿಕಾರಿ ವೈಭವ ಇದನ್ನು ತರಬೇತಿಯಲ್ಲಿ ಹಲವು ಸಲ ಹೇಳಿದ್ದ. ಅವನು ಧಾರವಾಡದ ಹುಡುಗ. ಗುರುದೇವಿ ರಾಯಚೂರು ಕಡೆಯವಳೆಂದು ತಿಳಿದ ಮೇಲೆ ಅವಳೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದ. "ನಮ್ಮವರು ಅಂದ್ರ ನಮ್ಮವರ್ರಿ" ಎಂದು ಬೇರೆ ಹೇಳುತ್ತಿದ್ದ.

ಗುರುದೇವಿಯ ಪಾಲಿಗೆ ಬಂದ ಮಕ್ಕಳಲ್ಲಿ ಮಿಷಿಗನ್ನಿನ ಹೇಲಿ ಎಂಬ ಐದನೆಯ ತರಗತಿಯ ಹುಡುಗಿ ಇದ್ದಳು. ಬಾಯಿ ತುಂಬ ಪ್ರಶ್ನೆ, ತಲೆಯಲ್ಲಿ ಮಾತ್ರ ಏನೂ ನಿಲ್ಲುತ್ತಿರಲಿಲ್ಲ. ಜೀವಕೋಶದ ಚಿತ್ರ ತೋರಿಸಿ ನ್ಯೂಕ್ಲಿಯಸ್ ಯಾವುದು ಎಂದರೆ ಮೈಟೊಕಾಂಡ್ರಿಯಾಕ್ಕೆ ಗುರುತು ಹಾಕುತ್ತಿದ್ದಳು. ಇಂಗ್ಲಿಷರು ಮೊದಲು ವಸಾಹತು ಹೂಡಿದ್ದು ಎಲ್ಲಿ ಎಂದರೆ ಊಹೆ ಹೊಡೆಯುತ್ತಿದ್ದಳು. ಅವಳ ಶಾಲೆಯಲ್ಲಿ ಆ ತಿಂಗಳು ಇವೆರಡೇ ಪಾಠ: ವರ್ಜೀನಿಯಾದ ಹಳೆಯ ಇಂಗ್ಲಿಷ್ ವಸಾಹತು, ಮತ್ತು ಜೀವಕೋಶದ ಭಾಗಗಳು. ಎರಡನ್ನೂ ಬೇರೆ ಬೇರೆ ಕಲಿಸಿ ಸಾಕಾದ ಗುರುದೇವಿ ಒಂದು ಉಪಾಯ ಹೂಡಿದಳು. ಜೀವಕೋಶವೇ ಒಂದು ವಸಾಹತು ಎಂದುಕೋ, ಎಂದಳು. ಸುತ್ತ ನೆಟ್ಟ ಮರದ ಕೋಟೆಯೇ ಕೋಶದ ಗೋಡೆ. ಬಾಗಿಲು ಕಾಯುವವನು ಪೊರೆ. ಗವರ್ನರನ ಮನೆ ನ್ಯೂಕ್ಲಿಯಸ್. ಮೆಕ್ಕೆಜೋಳ ತುಂಬಿಟ್ಟ ಉಗ್ರಾಣ ವ್ಯಾಕ್ಯೂಲ್.

"ಹಾಗಾದರೆ ಮೈಟೊಕಾಂಡ್ರಿಯಾ?" ಎಂದಳು ಹೇಲಿ.

"ಎಲ್ಲರಿಗೂ ಶಕ್ತಿ ಕೊಡುವವರು ಯಾರು? ದುಡಿಯುವವರು."

"ಇಂಡೆಂಚರ್ಡ್ ಸರ್ವೆಂಟ್ಸ್, ಕರಾರಿನ ಆಳುಗಳು!" ಎಂದು ಹೇಲಿ ಕಿರುಚಿದಳು. ಅವಳು ಮೊದಲ ಸಲ ಸರಿಯಾದ ಉತ್ತರ ಕೊಟ್ಟಿದ್ದು ಅದೇ.

ಅಷ್ಟರಲ್ಲಿ ಹೊರಗೆ ಬಂಡೆಮ್ಮ ಆ ದಿನದ ಮೊದಲ ರೊಟ್ಟಿ ಬಡಿಯತೊಡಗಿದಳು. ಪಟಪಟ, ಪಟಪಟ. ಕಿಟಕಿ ಮುಚ್ಚಿದ್ದರೂ ಸಪ್ಪಳ ಮೈಕಿನೊಳಗೆ ಇಳಿಯಿತು. ಅಮೆರಿಕದಲ್ಲಿ ಕೂತ ಮಗುವಿಗೆ ಜೋಳದ ರೊಟ್ಟಿ ಏನು ಗೊತ್ತು?

"ಮಿಸ್ ದೇವಿ, ಯಾರೋ ನನಗೆ ಚಪ್ಪಾಳೆ ತಟ್ಟುತ್ತಿದ್ದಾರೆ!"

ಗುರುದೇವಿಗೆ ನಗು ಬಂತು. "ಹೌದು, ನೀನು ಸರಿಯಾಗಿ ಹೇಳಿದೆಯಲ್ಲ" ಎಂದುಬಿಟ್ಟಳು. ಇದೂ ಅಷ್ಟು ದೊಡ್ಡ ಸುಳ್ಳಲ್ಲ ಎಂದುಕೊಂಡಳು. ಅಂದಿನಿಂದ ಹೇಲಿ ಚಪ್ಪಾಳೆಗಾಗಿಯೇ ಓದತೊಡಗಿದಳು. ಉತ್ತರ ಕೊಟ್ಟು ಕಿವಿಗೊಟ್ಟು ಕಾಯುತ್ತಿದ್ದಳು. ಒಮ್ಮೊಮ್ಮೆ ತಪ್ಪು ಉತ್ತರಕ್ಕೂ ಚಪ್ಪಾಳೆ ಬಿದ್ದು ಗುರುದೇವಿ ಪೇಚಿಗೆ ಸಿಕ್ಕಿದ್ದುಂಟು.

ಪಾಠ ಮುಗಿದ ಮೇಲೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟು "ಇವತ್ತೇನು ಕಲಿಸಿದಿ?" ಎಂದು ಕೇಳುವುದು ಬಂಡೆಮ್ಮನ ರೂಢಿ. ಒಂದು ದಿನವೂ ಸಾಲಿಯ ಮುಖ ನೋಡದವಳಿಗೆ ಅಮೆರಿಕದ ಪಾಠದ ಮೇಲೆ ಬಲು ಆಸೆ. ಗುರುದೇವಿ ರೊಟ್ಟಿ ಮುರಿಯುತ್ತ ಅರೆಬರೆ ಹೇಳುತ್ತಿದ್ದಳು.

"ಇಂಗ್ಲಂಡಿನ ಬಡವ್ರು ಹಡಗಿನಾಗ ಅಮೆರಿಕಾಕ ಹೋಗ್ತಿದ್ರವ್ವ. ಹಡಗಿನ ಖರ್ಚು ಸಾವ್ಕಾರ ಹಾಕ್ತಿದ್ದ. ಆಮ್ಯಾಲ ಅವ್ರು ನಾಕು ವರ್ಷ, ಏಳು ವರ್ಷ ಅವನ ಕೈಯಾಗ ದುಡೀಬೇಕು. ನಡುವ ಬಿಟ್ಟು ಹೋಗಂಗಿಲ್ಲ."

ಬಂಡೆಮ್ಮ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿದಳು. "ಅಯ್ಯ ಇಕಿನ! ಅದೇನು ಕಲಿಸೋದು? ನಾನೂ ನಿಮ್ಮಪ್ಪನೂ ಹಂಗ ಬಂದೀವಲ್ಲ. ಹಂಪಯ್ಯ ಮೇಸ್ತ್ರಿ ಕೈಯಾಗ ರೊಕ್ಕ ಇಟ್ಟು ಲಾರಿ ಹತ್ತಿಸ್ದ. ನೀ ಹೊಟ್ಟ್ಯಾಗ ಇದ್ದಿ. ನಿನಗ ಹಾಲಹಲ್ಲು ಬೀಳೋತನಕ ಆತನ ಕೈಯಾಗ ದುಡದೀವಿ. ಹಡಗು ಇರಲಿಲ್ಲ, ಅಷ್ಟ."

"ಅದು ಇತಿಹಾಸ ಅವ್ವ."

"ಮತ್ತ ನಮ್ದೇನು?"

ಗುರುದೇವಿಗೆ ಸಿಟ್ಟು ಬಂತು. ಯಾಕೆ ಬಂತೆಂದು ಅವಳಿಗೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ಅಷ್ಟು ಚೆಂದಾಗಿ ಬಿಡಿಸಿ ಹೇಳಿದ ಪಾಠದೊಳಗೆ ತನ್ನ ತಾಯಿ ಚಪ್ಪಲಿಯಿಲ್ಲದ ಕಾಲಿನಲ್ಲಿ ನಡೆದುಕೊಂಡು ಬಂದಿದ್ದಳು. "ಎಲ್ಲದಕ್ಕೂ ನಮ್ಮ ಕತಿ ತರಬ್ಯಾಡ" ಎಂದು ತಟ್ಟೆ ಸರಿಸಿ ಎದ್ದಳು. ಬಂಡೆಮ್ಮ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದಳು, ಮಗಳು ಹಸಿವಾದರೆ ತಿಂದಾಳೆಂದು.

ಮರುದಿನ ಪಾಠದ ನಡುವೆ ಹೇಲಿ ಕೇಳಿದಳು. "ಮಿಸ್ ದೇವಿ, ಚಪ್ಪಾಳೆ ತಟ್ಟುವವರು ಯಾರು?"

ಹಿಂದಿನ ದಿನದ ಸಿಟ್ಟು ಇನ್ನೂ ಆರಿರಲಿಲ್ಲ. ಪರದೆಯ ಮೇಲೆ ಆಳುಗಳ ಚಿತ್ರ ತೆರೆದೇ ಇತ್ತು. ಕಿಟಕಿಯಾಚೆ ಬಂಡೆಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು. ಗುರುದೇವಿಯ ಬಾಯಿಂದ ಮಾತು ಜಾರಿತು.

"ಅವಳಾ? ಅವಳು ಸರ್ವೆಂಟ್."

ಎಷ್ಟು ಸಲೀಸಾಗಿ ಬಂತೆಂದರೆ ಅವಳೇ ಬೆಚ್ಚಿದಳು. ಕಿಟಕಿಯತ್ತ ನೋಡಿದಳು. ರೊಟ್ಟಿ ಬಡಿಯುವ ಕೈ ನಿಂತಿತ್ತು. ಆಮೇಲೆ ಬಂಡೆಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು, ಮತ್ತೆ ಪಟಪಟ ಶುರುವಾಯಿತು. ಅವ್ವನಿಗೆ ಇಂಗ್ಲಿಷ್ ಎಲ್ಲಿ ಬರಬೇಕು ಎಂದುಕೊಂಡು ಗುರುದೇವಿ ಉಸಿರು ಬಿಟ್ಟಳು.

ಆದರೆ ಹೇಲಿ ಬಿಡುವ ಪೈಕಿಯಲ್ಲ. "ನಿಮ್ಮ ಮನೆಯಲ್ಲಿ ಆಳು ಇದ್ದಾಳಾ? ಎಷ್ಟು ವರ್ಷದಿಂದ?"

ಒಂದು ಸುಳ್ಳು ಹೇಳಿ ಮೈಯೆಲ್ಲ ಮುಳ್ಳಾಗಿದ್ದ ಗುರುದೇವಿ ಇನ್ನೊಂದು ಹೇಳಬಾರದೆಂದು ನಿಶ್ಚಯಿಸಿದಳು. ಅಲ್ಲೇ ಎಡವಿದ್ದು. "ನಾನು ಹುಟ್ಟಿದಾಗಿನಿಂದ" ಎಂದಳು.

"ಅಷ್ಟು ವರ್ಷವಾ? ಸಂಬಳ ಎಷ್ಟು ಕೊಡುತ್ತೀರಿ?"

"ಸಂಬಳ ಅಂತ ಇಲ್ಲ. ನಮ್ಮ ಜೊತೆಗೇ ಇರುತ್ತಾಳೆ. ನಾವು ಉಂಡದ್ದನ್ನೇ ಉಣ್ಣುತ್ತಾಳೆ."

"ಅವಳು ಬಿಟ್ಟುಹೋಗಬಹುದಾ?"

"ಎಲ್ಲಿಗೆ ಹೋಗುತ್ತಾಳೆ?" ಎಂದಳು ಗುರುದೇವಿ. ಮೂರಕ್ಕೆ ಮೂರೂ ನಿಜ. ಸುಳ್ಳಿನ ಹಿಂದೆ ನಿಜವನ್ನು ಸಾಲಾಗಿ ನಿಲ್ಲಿಸಿದರೆ ಎಂಥ ಅವಾಂತರವಾಗುತ್ತದೆಂದು ಆ ಗಳಿಗೆಗೆ ಅವಳಿಗೆ ಹೊಳೆಯಲಿಲ್ಲ.

ಆಮೇಲಿನ ದಿನಗಳಲ್ಲಿ ತಾಯಿಯ ಮುಖ ನೋಡುವುದು ಅವಳಿಗೆ ಕಷ್ಟವಾಯಿತು. ಬಂಡೆಮ್ಮ ಮಾತ್ರ ಎಂದಿನಂತೆಯೇ ಇದ್ದಳು. ರೊಟ್ಟಿ ಬಡಿಯುತ್ತಿದ್ದಳು, ಇವತ್ತೇನು ಕಲಿಸಿದಿ ಎಂದು ಕೇಳುತ್ತಿದ್ದಳು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಗುರುದೇವಿ ಉಮಾಬಾಯಿಯ ಮೆಸ್ಸಿಗೆ ತಾನೇ ರೊಟ್ಟಿ ಬುಟ್ಟಿ ಒಯ್ದುಕೊಟ್ಟಳು. ತಾಯಿಗೆ ಹೊಸ ಸೀರೆ ತಂದಳು. "ಯಾಕವ್ವ, ಹಬ್ಬಿಲ್ಲ ಹುಣ್ಣಿವಿಲ್ಲ" ಎಂದು ಬಂಡೆಮ್ಮ ಅದನ್ನು ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟಳು. ಸೀರೆ ಕೊಟ್ಟರೆ ಹೋಗುವ ಉರಿಯಲ್ಲ ಅದು, ಹೋಗಲಿಲ್ಲ. ಒಂದು ಬೆಳಿಗ್ಗೆ ಹೇಲಿಗೆ ನಿಜ ಹೇಳಿಬಿಡಬೇಕೆಂದು ಗುರುದೇವಿ ಬಾಯಿ ತೆರೆದಳು. ಪಾಠಗಳೆಲ್ಲ ರೆಕಾರ್ಡ್ ಆಗುತ್ತವೆಂದು ನೆನಪಾಗಿ ಮುಚ್ಚಿದಳು.

ಇತ್ತ ಹೇಲಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಮಿಸ್ ದೇವಿ ಹೇಳಿಕೊಟ್ಟ ಹಾಗೆಯೇ ಜೀವಕೋಶವನ್ನು ವಸಾಹತಿನಂತೆ ದೊಡ್ಡ ಹಾಳೆಯಲ್ಲಿ ಬರೆದು, ಬಣ್ಣ ತುಂಬಿ, ಒಂದೊಂದು ಭಾಗವನ್ನೂ ಸರಿಯಾಗಿ ಗುರುತಿಸಿ ಎಲ್ಲರೆದುರು ವಿವರಿಸಿದಳು. ಮೈಟೊಕಾಂಡ್ರಿಯಾದ ಸರದಿ ಬಂದಾಗ ಹೇಳಿದಳಂತೆ: ಇವು ಕರಾರಿನ ಆಳುಗಳ ಹಾಗೆ, ಕರಾರಿನ ಆಳುಗಳು ಈಗಲೂ ಇದ್ದಾರೆ, ಇಂಡಿಯಾದಲ್ಲಿ ನಮ್ಮ ಮಿಸ್ ದೇವಿಯ ಹತ್ತಿರ ಒಬ್ಬಳಿದ್ದಾಳೆ, ಅವಳಿಗೆ ಸಂಬಳವಿಲ್ಲ, ಬಿಟ್ಟುಹೋಗುವಂತಿಲ್ಲ, ಆದರೂ ನನಗೆ ಚಪ್ಪಾಳೆ ತಟ್ಟುತ್ತಾಳೆ. ನೋಡಲು ಬಂದು ಕೂತಿದ್ದ ಮಕ್ಕಳ ತಾಯಿತಂದೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಲಿಯ ತಾಯಿ ಮನೆಗೆ ಹೋದವಳೇ ಕಂಪನಿಗೆ ದೂರು ಬರೆದಳು. ತನ್ನ ಮಗಳಿಗೆ ಪಾಠ ಹೇಳುವ ಹೆಂಗಸು ಮನೆಯಲ್ಲಿ ಜೀತದಾಳನ್ನು ಇಟ್ಟುಕೊಂಡಿದ್ದಾಳೆ!

ವೈಭವನ ಫೋನು ಬಂದಾಗ ಸಂಜೆ. ಗುರುದೇವಿ ಮಾಳಿಗೆಯ ಮೂಲೆಗೆ ಹೋಗಿ ದನಿ ತಗ್ಗಿಸಿದಳು. ಬಂಡೆಮ್ಮ ನಲ್ಲಿಯ ಕೆಳಗೆ ಕೊಡವಿಟ್ಟು ನೀರು ಬಿಟ್ಟಿದ್ದಳು.

"ಏನ್ರಿ ಗುರುದೇವಿಯವ್ರ ಇದು? ಮ್ಯಾಲಿನವ್ರು ಭಾಳ ಗರಂ ಆಗ್ಯಾರ. ನಿಮ್ಮ ಮನ್ಯಾಗ ಖರೇನ ಆಳು ಇದ್ದಾಳೇನು? ಅಥವಾ ಹುಡುಗಿಗೆ ಸುಮ್ನ ಏನರೆ ಹೇಳೀರೇನು?"

ಎರಡೇ ದಾರಿ ಇದ್ದವು. ಇದ್ದಾಳೆ ಎಂದರೆ ಜೀತದ ಮಾತು. ಇಲ್ಲ ಎಂದರೆ ಮಗುವಿಗೆ ಸುಳ್ಳು ಹೇಳಿದ ಮಾತು, ಅದೇ ದಿನ ಮನೆಗೆ. ಮನೆಗೆ ಎಂದರೆ ಯಾರು, ಗುರುದೇವಿಯೇ? ಅವಳು ಇನ್ನೊಂದು ಕೆಲಸ ಹುಡುಕಿಕೊಳ್ಳುವತನಕ ಈ ಬಾಡಿಗೆ ಕಟ್ಟಲು ಬಂಡೆಮ್ಮ ಮತ್ತೆ ಬೆಳಗಾಗೆದ್ದು ಕೂಲಿಯವರ ಅಡ್ಡಾದಲ್ಲಿ ಹೋಗಿ ನಿಲ್ಲಬೇಕು, ಆ ಮೊಣಕಾಲು ಹೊತ್ತು.

"ಇದ್ದಾಳ್ರಿ ಸರ್" ಎಂದಳು. "ಕೆಲಸದಾಕಿ. ಪಗಾರ ಕೊಡ್ತೀನ್ರಿ. ಹುಡುಗಿ ತಪ್ಪು ತಿಳಕೊಂಡಾಳ."

"ಹಂಗಾರ ಚಿಂತಿಲ್ಲ ಬಿಡ್ರಿ. ನಾಳೆ ಹತ್ತಕ್ಕ ನಾ ಬಂದು ಆಕಿನ್ನ ಮಾತಾಡಿಸಿ ರಿಪೋರ್ಟ್ ಕಳಸ್ತೀನಿ. ಕೇಸ್ ಕ್ಲೋಸ್."

ಗುರುದೇವಿ ತಿರುಗಿದಾಗ ನಲ್ಲಿ ನಿಂತಿತ್ತು, ಬಂಡೆಮ್ಮ ತುಂಬಿದ ಕೊಡದ ಹತ್ತಿರ ಕೂತಿದ್ದಳು.

ಮರುದಿನ ಗುರುದೇವಿ ತಾಯಿಗೆ ಹೇಳಿದ್ದು ಇಷ್ಟೇ. "ಅವ್ವ, ಹತ್ತಕ್ಕ ನಮ್ಮ ಸಾಹೇಬ್ರು ಬರ್ತಾರ. ನೀ ಉಮಾಬಾಯಿ ಅತ್ತಿ ಕಡೆ ಕುಂತು ಬಾ." ಆಳು ರಜೆಯ ಮೇಲೆ ಹೋಗಿದ್ದಾಳೆ ಎನ್ನುವುದು ಅವಳ ಲೆಕ್ಕಾಚಾರ. ಬಂಡೆಮ್ಮ ಯಾಕೆ ಎಂದು ಕೇಳಲಿಲ್ಲ. "ಆತು" ಎಂದು ಮೆಟ್ಟಿಲಿಳಿದು ಹೋದಳು. ಕೇಳಿದ್ದರೆ ಚೆನ್ನಾಗಿತ್ತು.

ವೈಭವ ಹೇಳಿದ ಹೊತ್ತಿಗೆ ಬಂದ. ಪೆಂಟ್‌ಹೌಸನ್ನು ಕಂಡು ಹುಬ್ಬೇರಿಸಿದ, ಆದರೆ ಸಭ್ಯಸ್ಥ, ಏನೂ ಅನ್ನಲಿಲ್ಲ. ಇದ್ದ ಒಂದೇ ಕುರ್ಚಿಯಲ್ಲಿ ಕೂತ. ಆಳು ಇಲ್ಲವೆಂದು ಕೇಳಿ ಅವನ ಮುಖ ಸಣ್ಣದಾಯಿತು.

"ಇವತ್ತ ಕಳಸಬೇಕ್ರಿ ರಿಪೋರ್ಟ್. ಯಾವಾಗ ಬರ್ತಾಳ?"

"ಅದು... ಊರಿಗೆ..." ಎಂದು ಗುರುದೇವಿ ತಡವರಿಸುತ್ತಿರುವಾಗ ಮೆಟ್ಟಿಲ ಮೇಲೆ ಬಕೆಟ್ಟಿನ ಸಪ್ಪಳವಾಯಿತು. ಒಂದು ಮೆಟ್ಟಿಲು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಬಂಡೆಮ್ಮ ಬಂದಳು. ಕೂಲಿಗೆ ಹೋಗುವಾಗ ಉಡುತ್ತಿದ್ದ, ಸಿಮೆಂಟಿನ ಕಲೆ ಹೋಗದ ಹಳೆಯ ಸೀರೆ. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಕಸಬರಿಗೆ. ತನ್ನದೇ ಮನೆಯ ಹೊಸ್ತಿಲ ಹೊರಗೆ ನಿಂತು, ತಲೆಯ ಮೇಲೆ ಸೆರಗೆಳೆದುಕೊಂಡು, ಮಗಳಿಗೆ ಹೇಳಿದಳು.

"ತಡಾ ಆತ್ರಿ ಮೇಡಂ. ತಪ್ಪಾತ್ರಿ."

ವೈಭವನ ಮುಖ ಅರಳಿತು. "ಅರೆ, ಈಕಿನೂ ಕನ್ನಡದಾಕೀನ? ಬಾರವ್ವ, ಒಳಗ ಬಾ."

ಬಂಡೆಮ್ಮ ಒಳಗೆ ಬಂದು ಗೋಡೆಗೆ ಒತ್ತಿ ನಿಂತಳು. ಕೂರು ಎಂದರೂ ಕೂರಲಿಲ್ಲ. "ಹೌದ್ರಿ ಸಾಹೇಬ್ರ, ದೇವದುರ್ಗದ ಕಡೀಕಿ" ಎಂದಳು. ಪಗಾರ ಕೊಡುತ್ತಾರಾ ಎಂದರೆ, ತಿಂಗಳಾ ತಿಂಗಳಾ ಕೈಯಾಗ ಇಡ್ತಾರ್ರಿ ಎಂದಳು. ಹೊಡೆದು ಬಡಿದು ಮಾಡುತ್ತಾರಾ ಎಂದರೆ ಕೆನ್ನೆ ಬಡಿದುಕೊಂಡಳು. ಬಿಟ್ಟು ಹೋಗಬೇಕೆಂದರೆ ಹೋಗಬಹುದಾ ಎಂದರೆ, "ನಾ ಒಲ್ಲೆ ಅಂದ್ರ ಯಾರು ಹಿಡಕೋತಾರ್ರಿ?" ಎಂದು ನಕ್ಕಳು. ವೈಭವ ಬರೆದುಕೊಂಡ. ಗುರುದೇವಿ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ನಿಂತಿದ್ದಳು.

"ಮತ್ತ ಇವ್ರು ಹುಟ್ಟಿದಾಗಿಂದ ಇದ್ದಿ ಅಂತ ಆ ಹುಡುಗಿ ಹೇಳ್ಯಾಳಲ್ಲ?"

"ಮೊದಲು ಇವರ ತಾಯಿ ಕಡೆ ಇದ್ದೆರಿ. ಮೇಡಂನ ಎತ್ತಿ ಆಡಿಸೀನಿ."

"ಇವರ ತಾಯಿಯವ್ರು ಈಗ ಎಲ್ಲದಾರ?"

ಬಂಡೆಮ್ಮ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. "ಊರಾಗ ಅದಾರ್ರಿ. ಭಾಳ ದೊಡ್ಡ ಮನಿತನ. ಓದಿದ ಹೆಣಮಗಳ್ರಿ ಅವರು. ಸಾಲ್ಯಾಗ ಟೀಚರ್ ಇದ್ರು. ಅದಕ್ಕ ನೋಡ್ರಿ, ಮಗಳೂ ಹಿಂಗ ಶಾಣ್ಯಾ ಆಗ್ಯಾರ."

ಗುರುದೇವಿಗೆ ತಡೆಯಲಾಗಲಿಲ್ಲ. ಆಳಾಗಿ ನಿಂತಿದ್ದನ್ನು ಹೇಗೋ ಸಹಿಸಿಕೊಂಡಿದ್ದಳು. ಆದರೆ ಅವ್ವ ಅಲ್ಲಿ ನಿಂತು, ಮಗಳಿಗೆ ಹೇಳಿಕೊಳ್ಳಲು ಬರುವಂಥ ಇನ್ನೊಬ್ಬ ತಾಯಿಯನ್ನು ಹುಟ್ಟಿಸಿ ಕೊಡುತ್ತಿದ್ದಳು. ಅಂಥ ತಾಯಿ ತನಗೆ ಬೇಕಿತ್ತೆಂಬುದು ಅವ್ವನಿಗೆ ಹೇಗೆ ಗೊತ್ತಾಯಿತು? ನಾಚಿಕೆಯಿಂದ ಕಿವಿ, ಕೆನ್ನೆ, ಕೊರಳು ಎಲ್ಲ ಸುಟ್ಟುಹೋದವು.

"ಸರ್, ಈಕಿ ನಮ್ಮವ್ವ" ಎಂದಳು.

ವೈಭವನ ಪೆನ್ನು ನಿಂತಿತು. ಅವನು ಗುರುದೇವಿಯನ್ನು ನೋಡಿದ, ಗೋಡೆಗೆ ನಿಂತವಳನ್ನು ನೋಡಿದ. ಅದೇ ಮೂಗು, ಅದೇ ಅಗಲ ಹಣೆ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವನಿಗೇ ಹೊಳೆಯುತ್ತಿತ್ತು. ಬಂಡೆಮ್ಮ ಬಿಡಲಿಲ್ಲ. ಬಾಯಿ ತುಂಬ ನಕ್ಕುಬಿಟ್ಟಳು.

"ನೋಡ್ರಿ ಸಾಹೇಬ್ರ, ಹಿಂಗ ಅಂತಾರ್ರಿ! ಬಂದೋರ ಮುಂದೆಲ್ಲ ಇದ ಮಾತು. ಅವ್ವಾ ಅಂತಾನ ಕರೀತಾರ ನನಗ. ನಮ್ಮಂಥಾಕಿಗಿ ಯಾರ್ರಿ ಹಂಗ ಅಂತಾರ? ದೊಡ್ಡ ಮನಸ್ಸು."

"ಇಲ್ರಿ ಸರ್, ಖರೇನ, ನನ್ನ ಹಡದಾಕಿ..."

"ಮೇಡಂ" ಎಂದಳು ಬಂಡೆಮ್ಮ. ದನಿ ಏರಿರಲಿಲ್ಲ. ಆದರೆ ಆ ನೋಟ ಗುರುದೇವಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಕಟ್ಟುತ್ತಿರುವ ಕಟ್ಟಡದ ಅಂಚಿಗೆ ಆಡುತ್ತ ಹೋದರೆ ತಾಯಿ ಕೂಗುತ್ತಿರಲಿಲ್ಲ, ಬೆದರಿ ಕಾಲು ಜಾರೀತೆಂದು. ಹೀಗೆ ನೋಡಿ ನಿಲ್ಲಿಸುತ್ತಿದ್ದಳು. "ಮೇಡಂ, ಸಾಹೇಬ್ರಿಗಿ ಚಾ ಮಾಡ್ಲೇನ್ರಿ?"

ಇನ್ನೊಂದು ಸಲ ಹೇಳಬಹುದಿತ್ತು. ತಾಯಿಯ ಕೈ ಹಿಡಿದು ಕುರ್ಚಿಯ ಹತ್ತಿರ ಎಳೆತಂದು ಹೇಳಬಹುದಿತ್ತು. ಶಾಲೆಯ ದಾಖಲೆ ತೋರಿಸಿ ಹೇಳಬಹುದಿತ್ತು. ಅವ್ವನೇ ಬಾಯಿ ಮುಚ್ಚಿಸಿದಳು ಎಂದು ಗುರುದೇವಿ ಆಮೇಲೆ ತನಗೆ ತಾನೇ ಹೇಳಿಕೊಂಡಿರಬಹುದು, ನಾವು ನಂಬಬೇಕಿಲ್ಲ. ಅವಳು 'ಹೂಂ' ಎಂದು ತಲೆ ಅಲುಗಿಸಿದಳು. ಒಳಗೆ ಏನೋ ಹಗುರವಾಯಿತು. ಕೆಲಸ ಉಳಿಯಿತು ಎಂಬ ಹಗುರ. ಆ ಹಗುರವನ್ನು ಕಂಡೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ವೈಭವನ ಕಣ್ಣು ತುಸು ಒದ್ದೆಯಾಗಿತ್ತು. ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ. "ನಮ್ಮ ಮನ್ಯಾಗ ಕೆಲಸದಾಕಿಗಿ ಬ್ಯಾರೆ ಲೋಟ ಇಟ್ಟಾರ್ರಿ" ಎಂದ. "ನೀವು ಅವ್ವ ಅಂತೀರಿ. ಇದನ್ನ ಹಂಗ ಬರೀತೀನಿ. ಆಳನ್ನ ಹಡೆದ ತಾಯಿ ಹಂಗ ನೋಡ್ಕೋತಾರ ಅಂತ. ಆ ಅಮೆರಿಕದಾಕಿ ಓದಿ ಅಳಬೇಕು." ಚೀಲದಿಂದ ಕ್ಯಾಮೆರಾ ತೆಗೆದ. "ಒಂದು ಫೋಟೊನೂ ಕಳಸೋಣ. ನೀವು ಕುರ್ಚಿ ಮ್ಯಾಲ ಕುಂದರ್ರಿ. ನೀ ಹಿಂದ ನಿಂದ್ರವ್ವ. ಇಷ್ಟು ನಗು."

ಗುರುದೇವಿ ಕುರ್ಚಿಯಲ್ಲಿ ಕೂತಳು. ಬಂಡೆಮ್ಮ ಹಿಂದೆ ನಿಂತಳು. ತಾಯಿಮಗಳು ಜೊತೆಗೆ ಫೋಟೊ ತೆಗೆಸಿಕೊಂಡಿದ್ದು ಅದೇ ಮೊದಲು. ಪದವಿ ಬಂದ ದಿನ ಸ್ಟುಡಿಯೋಕ್ಕೆ ಹೋದಾಗ ಬಂಡೆಮ್ಮನಿಗೆ ರಜೆ ಸಿಕ್ಕಿರಲಿಲ್ಲ. ವೈಭವ ಎರಡು ಸಲ ತೆಗೆದ, ಏಕೆಂದರೆ ಮೊದಲನೆಯದರಲ್ಲಿ ಮೇಡಂ ನಕ್ಕಿರಲಿಲ್ಲ.

ಚಹಾ ಕುಡಿದು ಅವನು ಹೊರಟ. ಮೆಟ್ಟಿಲಿಳಿಯುವ ಬೂಟಿನ ಸಪ್ಪಳ ಕೆಳಗಾಗುತ್ತ ಹೋಯಿತು. ಬಂಡೆಮ್ಮ ಇನ್ನೂ ಗೋಡೆಗೇ ಒತ್ತಿ ನಿಂತಿದ್ದಳು. ಮೊಣಕಾಲು ಸೀರೆಯೊಳಗೆ ನಡುಗುತ್ತಿರುವುದು ಗುರುದೇವಿಗೆ ಕಾಣುತ್ತಿತ್ತು.

"ಕುಂದ್ರವ್ವ" ಎಂದಳು.

"ತಡಿ. ಇನ್ನಾ ಗೇಟ್ ದಾಟಿಲ್ಲ."

ಕೆಳಗೆ ಬೈಕು ಶುರುವಾಗಿ ಗಲ್ಲಿಯ ತಿರುವು ದಾಟಿತು. ಆಗ ಬಂಡೆಮ್ಮ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತು ಕಾಲು ಚಾಚಿದಳು. ಗುರುದೇವಿ ಎಣ್ಣೆಯ ಬಾಟಲಿ ತಂದು ಅವಳ ಮೊಣಕಾಲ ಹತ್ತಿರ ಕೂತಳು. ತಿಕ್ಕಲು ಕೈ ಮುಂದೆ ಬರಲಿಲ್ಲ. ಮುಟ್ಟುವ ಯೋಗ್ಯತೆಯೂ ತನಗಿಲ್ಲ ಅನಿಸಿತು.

"ನಿನಗ ಯಾವಾಗ ಗೊತ್ತಾತು?"

"ಏನು?"

"ನಾ ಅಂದಿದ್ದು."

"ನೀ ಅಂದಾಗನ" ಎಂದಳು ಬಂಡೆಮ್ಮ. "ಆ ಒಂದು ಇಂಗ್ಲಿಷ್ ಮಾತು ನನಗ ಗೊತ್ತಿಲ್ಲೇನು? ನಾ ಹೊತ್ತ ಅಪಾರ್ಟ್‌ಮೆಂಟಿಗೆಲ್ಲ ಎರಡೆರಡು ಲಿಫ್ಟ್ ಇರ್ತಾವ. ಒಂದರಾಗ ಕಾಲಿಟ್ರ ವಾಚ್‌ಮನ್ ಓಡಿ ಬರ್ತಾನ. ಸರ್ವೆಂಟ್ ಲಿಫ್ಟ್ ಆ ಕಡೆ ಐತಿ, ಆ ಕಡೆ ಹೋಗು ಅಂತಾನ."

"ಮತ್ತ ಯಾಕ ಸುಮ್ಕಿದ್ದಿ? ಬೈಬೇಕಿತ್ತು. ಎರಡು ಬಡೀಬೇಕಿತ್ತು ನನಗ."

"ಕೇಳಿದ್ರ ನಿನಗ ನಾಚಿಕಿ ಆಗತಿತ್ತಲ್ಲವ್ವ."

ಗುರುದೇವಿ ಮುಖ ಮುಚ್ಚಿಕೊಂಡು ಅತ್ತಳು. ಬಂಡೆಮ್ಮ ಅವಳನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಎಣ್ಣೆಯನ್ನು ತಾನೇ ಅಂಗೈಗೆ ಸುರಿದುಕೊಂಡು ಮೊಣಕಾಲು ತಿಕ್ಕತೊಡಗಿದಳು. ಕೆಳಗೆ ಬಳೆ ಮಾರುವವಳು ತೆಲುಗಿನಲ್ಲಿ ಕೂಗುತ್ತ ಹೋದಳು. ಅಳು ಒಂದಿಷ್ಟು ಇಳಿದ ಮೇಲೆ ಬಂಡೆಮ್ಮ ಮಾತಾಡಿದಳು, ಸಂತೆಗೆ ಏನು ತರಬೇಕೆಂದು ಹೇಳುವ ದನಿಯಲ್ಲಿ.

"ಒಂದು ಮಾತು ನೆನಪಿಟ್ಟಿರು. ನಿನ್ನ ಮದಿವಿಗಿ ಆ ಸಾಹೇಬನ್ನ ಕರೀಬ್ಯಾಡ."

"ಯಾಕವ್ವ?"

"ಆತ ಬಂದ್ರ ನಾ ಎಲ್ಲಿ ಕುಂದರ್ಲಿ?"